‘ರುಚಿಗೆ ತಕ್ಕಷ್ಟು’ ಎಂದರೆ ಎಷ್ಟು?



ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಏನೇನು ಬರೆಯಲು ಕಲಿಸುತ್ತೇವೆ ಎಂದು ಒಮ್ಮೆ ಪಟ್ಟಿ ಮಾಡಿ ನೋಡೋಣ. ಹಸುವಿನ ಮೇಲೆ ಪ್ರಬಂಧ, ದಸರಾ ಹಬ್ಬದ ಮೇಲೆ ಪ್ರಬಂಧ, ಮುಖ್ಯೋಪಾಧ್ಯಾಯರಿಗೆ ರಜೆ ಚೀಟಿ, ಪ್ರವಾಸದ ವರ್ಣನೆ, ಗಾದೆ ಮಾತಿನ ವಿಸ್ತರಣೆ. ಇವೆಲ್ಲವೂ ಬೇಕಾದವುಗಳೇ. ಆದರೆ ಶಾಲೆ ಬಿಟ್ಟ ಮೇಲೆ ಅದೇ ಮಗು ದಿನನಿತ್ಯ ಎದುರಿಸುವ ಬರವಣಿಗೆ ಯಾವುದು? ಗೊಬ್ಬರದ ಚೀಲದ ಮೇಲಿನ ಸಾಲುಗಳು, ಕೀಟನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆ, ಔಷಧಿ ಸೀಸೆಯ ಮೇಲಿನ ‘ಚೆನ್ನಾಗಿ ಕುಲುಕಿ ಬಳಸಿ’ ಎಂಬ ಮಾತು, ಹೊಸ ಪಂಪ್‌ಸೆಟ್ಟಿನೊಡನೆ ಬರುವ ಪುಸ್ತಿಕೆ, ಎ.ಟಿ.ಎಂ. ಯಂತ್ರದ ಪರದೆ. ಇವೆಲ್ಲ ಒಂದೇ ಜಾತಿಯ ಬರವಣಿಗೆ. ಇವು ವರ್ಣಿಸುವುದಿಲ್ಲ, ಕಥೆ ಹೇಳುವುದಿಲ್ಲ. ‘ಹೀಗೆ ಮಾಡಿ, ಆಮೇಲೆ ಹೀಗೆ ಮಾಡಿ’ ಎಂದು ಹೇಳುತ್ತವೆ. ಇದನ್ನು ನಾವು ಸೂಚನಾ ಬರವಣಿಗೆ ಎಂದು ಕರೆಯೋಣ.

ಇಂಥ ಬರವಣಿಗೆಯನ್ನು ಸರಿಯಾಗಿ ಓದಲು ಬರಬೇಕಾದರೆ ಅದನ್ನು ಒಮ್ಮೆಯಾದರೂ ತಾನೇ ಬರೆದು ನೋಡಿರಬೇಕು. ಅದನ್ನು ಕಲಿಸಲು ಅತ್ಯಂತ ಸುಲಭವಾದ, ಖರ್ಚಿಲ್ಲದ ಪಠ್ಯಪುಸ್ತಕ ನಮ್ಮ ಅಡುಗೆಮನೆಯಲ್ಲೇ ಇದೆ ಎಂಬುದು ನಾನು ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರ.

ಇದೇನು ಅಷ್ಟು ಮುಖ್ಯವೇ ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಉದಾಹರಣೆ ಕೊಡುತ್ತೇನೆ. ೧೯೭೧ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದ ಕಾಲದಲ್ಲಿ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಎಂಬಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೆ ಹೋಯಿತು. ಆಗ ಡಾ. ದಿಲೀಪ್ ಮಹಲನಾಬಿಸ್ ಅವರು ಒಂದು ಲೀಟರ್ ನೀರಿಗೆ ೨೨ ಗ್ರಾಂ ಗ್ಲೂಕೋಸ್, ೩.೫ ಗ್ರಾಂ ಅಡುಗೆ ಉಪ್ಪು, ೨.೫ ಗ್ರಾಂ ಅಡುಗೆ ಸೋಡಾ ಬೆರೆಸಿ, ಅದನ್ನು ಬಾಯಿಯ ಮೂಲಕವೇ ಕುಡಿಸುವ ವ್ಯವಸ್ಥೆ ಮಾಡಿದರು. ಕುಡಿಸಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. ನೂರಕ್ಕೆ ಮೂವತ್ತರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದ ರೋಗಿಗಳಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಈ ಮಹನೀಯರಿಗೆ ೨೦೨೩ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಈಗ ಯೋಚಿಸಿ. ಇದೂ ಒಂದು ಪಾಕವಿಧಾನವೇ ಅಲ್ಲವೇ? ಸಾಮಗ್ರಿ, ಅಳತೆ, ಕ್ರಮ ಮೂರೂ ಇದರಲ್ಲಿವೆ. ಪೊಟ್ಟಣ ಸಿಗದಿದ್ದಾಗ ಮನೆಯಲ್ಲಿ ಮಾಡಿಕೊಳ್ಳಲು ಆರೋಗ್ಯ ಕಾರ್ಯಕರ್ತರು ಹೇಳುವ ಅಳತೆಯನ್ನು ನೀವೂ ಕೇಳಿರಬಹುದು: ಒಂದು ಲೀಟರ್ ಶುದ್ಧ ನೀರು, ಟೀ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ತಲೆ ಸವರಿದ್ದಾಗಿರಬೇಕು, ಗೋಪುರದಂತೆ ತುಂಬಿದ್ದಲ್ಲ. ಉಪ್ಪು ಹೆಚ್ಚಾದರೆ ಮಗುವಿನ ಜೀವಕ್ಕೇ ಅಪಾಯ. ಸಕ್ಕರೆ ಹೆಚ್ಚಾದರೆ ಭೇದಿ ಇನ್ನೂ ಹೆಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣಗಳಲ್ಲಿಯೂ ಒಂದು ಲೀಟರ್ ನೀರಿಗೆ ಹಾಕುವ ದೊಡ್ಡದುಂಟು, ೨೦೦ ಮಿಲಿಲೀಟರಿಗೆ ಹಾಕುವ ಸಣ್ಣದುಂಟು. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಆಗುವ ಕೇಡು ಓದಲು ಬಾರದ್ದರಿಂದ ಆಗುವುದಲ್ಲ. ಅಕ್ಷರ ಬಂದರೂ ಸೂಚನೆಯನ್ನು ಸೂಚನೆಯಾಗಿ ಓದುವ ಅಭ್ಯಾಸ ಇಲ್ಲದ್ದರಿಂದ ಆಗುವುದು.

ನಾನು ವಿಜ್ಞಾನದ ಪದವೀಧರ. ಕಾಲೇಜಿನಲ್ಲಿ ನಮ್ಮ ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಉದ್ದೇಶ, ಬೇಕಾಗುವ ವಸ್ತುಗಳು, ವಿಧಾನ, ಅವಲೋಕನ, ತೀರ್ಮಾನ ಎಂಬ ಐದು ಶೀರ್ಷಿಕೆಗಳಿರುತ್ತಿದ್ದವು. ಯಾವುದಾದರೂ ಅಡುಗೆ ಪುಸ್ತಕ ತೆಗೆದು ನೋಡಿ. ಮೊದಲ ಮೂರು ಅಲ್ಲಿಯೂ ಇವೆ. ಉಳಿದ ಎರಡು ಊಟದ ಎಲೆಯ ಮುಂದೆ ಆಗುತ್ತವೆ! ಅಡುಗೆಯ ವಿಧಾನವನ್ನು ಬರೆದಿಡುವುದು ನಮಗೆ ಹೊಸದೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಅಡುಗೆಗೂ ಜಾಗ ಕೊಟ್ಟಿದ್ದಾನೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಒಂದು ಇಡೀ ಗ್ರಂಥವನ್ನೇ ಬರೆದ, ಅದೂ ಷಟ್ಪದಿಯಲ್ಲಿ. ಪದ್ಯವಾದರೆ ಬಾಯಲ್ಲಿ ನಿಲ್ಲುತ್ತದೆ. ಒಂದು ಸೂಚನೆ ಬೇಕಾದಾಗ ನೆನಪಿಗೆ ಬರುವಂತಿರಬೇಕು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ನಮ್ಮಲ್ಲಿತ್ತು.

ಆದರೆ ಮನೆಯ ಅಡುಗೆ ನಡೆಯುವುದು ಪುಸ್ತಕದಿಂದಲ್ಲ, ಕೈ ಅಳತೆಯಿಂದ. ಅಡುಗೆ ಕಾರ್ಯಕ್ರಮಗಳ ಚಿತ್ರೀಕರಣದಲ್ಲಿ ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸೊಗಸಾಗಿ ಅಡುಗೆ ಮಾಡುವ ತಾಯಂದಿರು ಬಂದಿರುತ್ತಾರೆ. ‘ಸ್ವಲ್ಪ ಹುಣಸೆಹಣ್ಣು ಹಾಕಿಕೊಳ್ಳಿ’ ಎನ್ನುತ್ತಾರೆ. ‘ಅಮ್ಮಾ, ಸ್ವಲ್ಪ ಅಂದರೆ ಎಷ್ಟು?’ ಎಂದು ಕೇಳಿದರೆ, ‘ಅಯ್ಯೋ, ಅದೇನು ಅಳೀತಾರಾ? ಒಂದು ನೆಲ್ಲಿಕಾಯಿ ಗಾತ್ರ’ ಎಂದು ನಗುತ್ತಾರೆ. ಅವರ ಉತ್ತರದಲ್ಲಿ ಅಳತೆ ಇದೆ. ಕೇಳುವವರೆಗೆ ಅದು ಹೊರಬರಲಿಲ್ಲ, ಅಷ್ಟೇ. ಚಿಟಿಕೆ, ಹಿಡಿ, ಬೊಗಸೆ, ಪಾವು, ಸೇರು, ಅಡಕೆ ಗಾತ್ರ, ನಿಂಬೆ ಗಾತ್ರ, ಇವೆಲ್ಲ ಅಳತೆಗಳೇ. ಟಿ.ವಿ.ಯಲ್ಲಿ ಕ್ಯಾಮರಾ ಆ ಕೈಯನ್ನು ತೋರಿಸಿಬಿಡುತ್ತದೆ, ಹಾಗಾಗಿ ಮಾತು ಕಡಿಮೆಯಾದರೂ ನಡೆಯುತ್ತದೆ. ಕಾಗದದ ಮೇಲೆ ಕೈ ಕಾಣುವುದಿಲ್ಲ. ಅಲ್ಲಿ ಎಲ್ಲವನ್ನೂ ಮಾತೇ ಹೇಳಬೇಕು. ಈ ವ್ಯತ್ಯಾಸ ಒಂದು ಮಗುವಿಗೆ ತಿಳಿದರೆ ಬರವಣಿಗೆಯ ಅರ್ಧ ಪಾಠ ಮುಗಿದಂತೆ.

ಈಗ ತರಗತಿಗೆ ಬರೋಣ. ನಮ್ಮ ಪ್ರಾಥಮಿಕ ಶಾಲೆಯ ಒಂದು ಕೋಣೆಯಲ್ಲಿ ಎಂಥೆಂಥ ಮಕ್ಕಳಿರುತ್ತಾರೆ ಎಂಬುದು ನಿಮಗೇ ಗೊತ್ತು. ಒಬ್ಬಳು ಪುಟಗಟ್ಟಲೆ ಬರೆಯುತ್ತಾಳೆ. ಒಬ್ಬ ಇನ್ನೂ ಒತ್ತಕ್ಷರದ ಹತ್ತಿರ ತಡವರಿಸುತ್ತಾನೆ. ಇನ್ನೊಬ್ಬನ ಮನೆಮಾತೇ ಬೇರೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ ಆರಂಭವಾಗಿ, ೨೦೦೯-೧೦ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿದ ‘ನಲಿ-ಕಲಿ’ ಪದ್ಧತಿ ಈ ಸತ್ಯವನ್ನು ಒಪ್ಪಿಕೊಂಡೇ ಹೊರಟಿತು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಪ್ರತಿಯೊಬ್ಬರೂ ತಮ್ಮ ತಮ್ಮ ಮೆಟ್ಟಿಲಿನಿಂದ ಮೇಲೇರುವುದು ಅದರ ತಿರುಳು. ಪಾಕವಿಧಾನದ ಪಾಠ ಈ ಬಗೆಯ ತರಗತಿಗೆ ಹೇಳಿ ಮಾಡಿಸಿದಂತಿದೆ. ಏಕೆಂದರೆ ಬರೆಯುವುದರಲ್ಲಿ ಹಿಂದಿರುವ ಮಗು ಅಡುಗೆಯಲ್ಲಿ ಹಿಂದಿರಬೇಕೆಂದೇನೂ ಇಲ್ಲ. ಕೂಲಿಗೆ ಹೋಗುವ ತಾಯಿ ಬರುವಷ್ಟರಲ್ಲಿ ಒಲೆ ಹಚ್ಚಿ ಮುದ್ದೆ ತಿರುವಿಡುವ ಹುಡುಗಿಗೆ ಆ ಕೆಲಸದ ಪ್ರತಿ ಹಂತವೂ ಗೊತ್ತು. ಅಂದು ತರಗತಿಯಲ್ಲಿ ಅವಳು ಪಂಡಿತೆ, ಮೊದಲ ರ‍್ಯಾಂಕಿನ ಹುಡುಗ ಅವಳಿಂದ ಕೇಳಿ ಬರೆದುಕೊಳ್ಳುವವನು.

ಮೊದಲ ಪಾಠಕ್ಕೆ ಬೆಂಕಿ ಬೇಡದ ವಸ್ತುವನ್ನು ಆರಿಸಿಕೊಳ್ಳಿ. ನಿಂಬೆ ಪಾನಕ ಎಲ್ಲರಿಗೂ ಗೊತ್ತು. ಹೇಗೆ ಮಾಡುವುದೆಂದು ಬರೆಯಲು ಹೇಳಿ. ಬಹುಪಾಲು ಮಕ್ಕಳು ಹೀಗೆ ಬರೆಯುತ್ತಾರೆ: ‘ನಿಂಬೆಹಣ್ಣು ಹಿಂಡಿ. ಸಕ್ಕರೆ ಹಾಕಿ. ನೀರು ಹಾಕಿ. ಕುಡಿಯಿರಿ.’ ಈಗ ಮೇಜಿನ ಮೇಲೆ ಸಾಮಗ್ರಿಗಳನ್ನಿಟ್ಟು, ನೀವು ಪಾನಕವನ್ನೇ ಕಂಡರಿಯದವರಂತೆ ನಿಂತುಕೊಳ್ಳಿ. ಒಂದು ಹಾಳೆ ತೆಗೆದು ಅದರಲ್ಲಿ ಬರೆದಿರುವಷ್ಟನ್ನು ಮಾತ್ರ ಮಾಡಿ. ನಿಂಬೆಹಣ್ಣು ಹಿಂಡಿ ಎಂದಿದೆ. ಇಡೀ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ. ಒಂದು ಹನಿಯೂ ಬರುವುದಿಲ್ಲ. ಮಕ್ಕಳು ನಗುತ್ತಾರೆ, ‘ಕತ್ತರಿಸಬೇಕು ಮಿಸ್!’ ಎಂದು ಕೂಗುತ್ತಾರೆ. ‘ಹಾಗಂತ ಬರೆದಿಲ್ಲವಲ್ಲ?’ ಎನ್ನಿ. ಕತ್ತರಿಸಿದಿರಿ. ಎಲ್ಲಿಗೆ ಹಿಂಡಬೇಕು? ನೆಲಕ್ಕೋ, ಪಾತ್ರೆಗೋ? ಬೀಜ ಏನಾಗಬೇಕು? ಸಕ್ಕರೆ ಒಂದು ಚಮಚವೋ, ಡಬ್ಬಿಯಷ್ಟೋ? ಕಲಕಬೇಕೋ ಬೇಡವೋ? ಒಂದೊಂದು ಪ್ರಶ್ನೆಗೂ ಹಾಳೆಯ ಮೇಲೆ ಒಂದೊಂದು ಸಾಲು ಸೇರುತ್ತದೆ. ‘ಸ್ಪಷ್ಟವಾಗಿ ಬರೆಯಿರಿ’ ಎಂದು ವರ್ಷವೆಲ್ಲ ಹೇಳಿದರೂ ಮನಸ್ಸಿಗೆ ಇಳಿಯದ್ದು ಈ ಹತ್ತು ನಿಮಿಷದಲ್ಲಿ ಇಳಿಯುತ್ತದೆ.

ಕೊನೆಗೆ ಕಪ್ಪುಹಲಗೆಯ ಮೇಲೆ ನಿಲ್ಲುವುದು ಸುಮಾರಾಗಿ ಇಂತಿರುತ್ತದೆ. ನಾಲ್ಕು ಲೋಟ ಪಾನಕಕ್ಕೆ: ನಿಂಬೆಹಣ್ಣು ೨, ಸಕ್ಕರೆ ೮ ಚಮಚ, ಉಪ್ಪು ಒಂದು ಚಿಟಿಕೆ, ಏಲಕ್ಕಿ ೨, ಕುಡಿಯುವ ನೀರು ೪ ಲೋಟ. ವಿಧಾನ: ಒಂದು, ಕೈ ತೊಳೆಯಿರಿ. ಎರಡು, ಪಾತ್ರೆಯಲ್ಲಿ ನೀರು ಹಾಕಿ ಸಕ್ಕರೆ ಪೂರ್ತಿ ಕರಗುವವರೆಗೆ ಕಲಕಿರಿ. ಮೂರು, ಹಣ್ಣನ್ನು ಅಡ್ಡಲಾಗಿ ಎರಡು ಹೋಳು ಮಾಡಿರಿ. ನಾಲ್ಕು, ಪಾತ್ರೆಯ ಮೇಲೆ ಸೋಸುವ ಜರಡಿ ಹಿಡಿದು ರಸ ಹಿಂಡಿರಿ. ಐದು, ಉಪ್ಪು, ಏಲಕ್ಕಿ ಪುಡಿ ಬೆರೆಸಿರಿ. ಆಗ ಒಬ್ಬ ಜಾಣ ಕೇಳಬಹುದು, ‘ಏಲಕ್ಕಿ ಪುಡಿ ಮಾಡಿ ಅಂತ ಎಲ್ಲಿ ಬರೆದಿದೆ?’ ಎಂದು. ಅಲ್ಲಿಗೆ ನಿಮ್ಮ ಪಾಠ ಗೆದ್ದಿತು ಎಂದು ತಿಳಿಯಿರಿ.

ಇದೇ ಪಾನಕವನ್ನು ನಾಲ್ಕು ಮೆಟ್ಟಿಲಿನ ಕೆಲಸವಾಗಿ ಹಂಚಬಹುದು. ಅಕ್ಷರ ಕಲಿಯುತ್ತಿರುವವರಿಗೆ ಐದಾರು ಚಿತ್ರಗಳ ಕಾರ್ಡು ಕೊಡಿ. ಅವರು ಕ್ರಮವಾಗಿ ಜೋಡಿಸಿ, ಪ್ರತಿ ಚಿತ್ರದ ಕೆಳಗೆ ‘ಹಿಂಡು’, ‘ಕಲಕು’ ಎಂಬ ಒಂದೇ ಒಂದು ಪದ ಬರೆಯಲಿ. ಅವರಿಗಿಂತ ಸ್ವಲ್ಪ ಮುಂದಿರುವವರಿಗೆ ಕ್ರಿಯಾಪದದ ಜಾಗ ಖಾಲಿ ಬಿಟ್ಟ ವಾಕ್ಯಗಳನ್ನು ಕೊಡಿ. ಮೂರನೆಯ ಗುಂಪು ಸಾಮಗ್ರಿಯ ಪಟ್ಟಿಯನ್ನೂ ವಿಧಾನವನ್ನೂ ತಾನೇ ಪೂರ್ತಿಯಾಗಿ ಬರೆಯಲಿ. ನಾಲ್ಕನೆಯ ಗುಂಪು ಒಂದೊಂದು ಹಂತಕ್ಕೂ ‘ಏಕೆ’ ಎಂಬುದನ್ನು ಸೇರಿಸಲಿ: ಸಕ್ಕರೆಯನ್ನು ಮೊದಲೇ ಏಕೆ ಕರಗಿಸಬೇಕು, ಹುಳಿ ಹೆಚ್ಚಾದರೆ ಏನು ಮಾಡಬೇಕು? ಕೆಲಸ ನಾಲ್ಕಾದರೂ ಪಾನಕ ಒಂದೇ, ಕುಡಿಯುವವರು ಎಲ್ಲರೂ. ಯಾರನ್ನೂ ‘ದಡ್ಡರ ಬೆಂಚಿ’ಗೆ ಕಳುಹಿಸಿದಂತಾಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಹೇಳುವವಳು ಯಾವಾಗಲೂ ಹೇಳುತ್ತಲೇ, ಬರೆಯುವವನು ಯಾವಾಗಲೂ ಬರೆಯುತ್ತಲೇ ಉಳಿಯಬಾರದು. ತಿಂಗಳು ಕಳೆಯುವುದರೊಳಗೆ ಚಿತ್ರದ ಗುಂಪಿನವರು ವಾಕ್ಯದ ಗುಂಪಿಗೆ ಬರಬೇಕು. ಇಲ್ಲದಿದ್ದರೆ ಮೆಟ್ಟಿಲು ಎಂದು ನಾವು ಕರೆದದ್ದು ಗೋಡೆಯಾಗಿಬಿಡುತ್ತದೆ.

ಈ ಪಾಠದಲ್ಲಿ ಕನ್ನಡ ವ್ಯಾಕರಣವೂ ತಾನಾಗಿ ಬರುತ್ತದೆ. ‘ಬೇಳೆ ತೊಳೆದು ನೆನೆಸಿ ನೀರು ಬಸಿದು ಉಪ್ಪು ಬೆರೆಸಿ’ ಎಂಬ ಕೋಸಂಬರಿಯ ಸಾಲನ್ನು ನೋಡಿ. ಒಂದೇ ಉಸಿರಿನಲ್ಲಿ ನಾಲ್ಕು ಕೆಲಸ. ಇದರಲ್ಲಿ ‘ನೆನೆಸಿ’ ಎಂಬುದು ‘ನೆನೆಸಿದ ಮೇಲೆ’ ಎಂಬ ಅರ್ಥವನ್ನೂ ಕೊಡುತ್ತದೆ, ‘ನೀವು ನೆನೆಸಿ’ ಎಂಬ ಆಜ್ಞೆಯೂ ಆಗುತ್ತದೆ. ಬಲ್ಲವರಿಗೆ ಗೊಂದಲವಿಲ್ಲ, ಹೊಸಬರಿಗೆ ಉಂಟು. ‘ಹೆಸರುಬೇಳೆಯನ್ನು ತೊಳೆಯಿರಿ. ಎರಡು ಗಂಟೆ ನೆನೆಸಿರಿ. ನೀರು ಬಸಿಯಿರಿ’ ಎಂದು ಬಿಡಿಸಿದರೆ ಒಂದು ವಾಕ್ಯಕ್ಕೆ ಒಂದು ಕೆಲಸವಾಯಿತು, ಗೊಂದಲವೂ ಹೋಯಿತು. ಹಾಕು, ಹಾಕಿರಿ, ಹಾಕಬೇಕು, ಹಾಕುವುದು, ಇವುಗಳಲ್ಲಿ ಯಾವುದನ್ನಾದರೂ ಬಳಸಲಿ. ಆದರೆ ಮೊದಲಿನಿಂದ ಕೊನೆಯವರೆಗೆ ಒಂದನ್ನೇ ಬಳಸಲಿ.

ಕ್ರಿಯಾಪದಗಳ ಸಂಪತ್ತಂತೂ ಅಡುಗೆಮನೆಯಲ್ಲಿ ಇರುವಷ್ಟು ಬೇರೆಲ್ಲೂ ಇಲ್ಲ. ಹೆಚ್ಚು, ಕೊಚ್ಚು, ಸೀಳು, ತುರಿ, ಜಜ್ಜು, ಕುಟ್ಟು, ಅರೆ, ರುಬ್ಬು, ಬೀಸು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ‘ಹುರಿ’ ಎಂದ ಕಡೆ ‘ಕರಿ’ ಎಂದು ಬರೆದರೆ ಎಣ್ಣೆಯ ಖರ್ಚೇ ಬೇರೆಯಾಗುತ್ತದೆ! ಹೆಸರುಗಳಲ್ಲಿಯೂ ಹಾಗೆಯೇ. ಮೈಸೂರಿನ ಈರುಳ್ಳಿ ಮಂಗಳೂರಿನಲ್ಲಿ ನೀರುಳ್ಳಿ, ಧಾರವಾಡದಲ್ಲಿ ಉಳ್ಳಾಗಡ್ಡಿ. ಕರಾವಳಿಯವರು ಮೆಣಸು ಎಂದರೆ ಮೆಣಸಿನಕಾಯಿ, ಬಯಲುಸೀಮೆಯವರಿಗೆ ಅದು ಕಾಳುಮೆಣಸು. ಮಗು ತನ್ನ ಊರಿನ ಮಾತನ್ನೇ ಬರೆಯಲಿ, ಅದನ್ನು ಕೆಂಪು ಶಾಯಿಯಲ್ಲಿ ಹೊಡೆಯಬೇಡಿ. ‘ಬೇರೆ ಊರಿನವರು ಓದಿದರೆ ಏನು ತಿಳಿಯುತ್ತಾರೆ?’ ಎಂದು ಮಾತ್ರ ಕೇಳಿ.

ಇನ್ನು ಕಾಲದ ಮಾತು. ‘ಇಪ್ಪತ್ತು ನಿಮಿಷ ಬೇಯಿಸಿರಿ’ ಎಂದು ಬರೆಯುವುದು ಶಾಸ್ತ್ರೀಯವಾಗಿ ಕಾಣುತ್ತದೆ. ಆದರೆ ಮಂಗಳೂರಿನಲ್ಲಿ ನೀರು ೧೦೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಮಡಿಕೇರಿಯಲ್ಲಿ ಸುಮಾರು ೯೬ ಡಿಗ್ರಿಯಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯ ಅನ್ನ ಅಲ್ಲಿ ಬೇಯಲು ಹೆಚ್ಚು ಹೊತ್ತು ಬೇಕು. ‘ಅಗುಳನ್ನು ಬೆರಳಿನಲ್ಲಿ ಹಿಸುಕಿದರೆ ಮೆತ್ತಗಾಗುವವರೆಗೆ ಬೇಯಿಸಿರಿ’ ಎಂದರೆ ಎರಡೂ ಊರಿಗೆ ಸಲ್ಲುತ್ತದೆ. ‘ಸಾಸಿವೆ ಸಿಡಿದೊಡನೆ ಕರಿಬೇವು ಹಾಕಿರಿ’ ಎಂಬಲ್ಲಿಯೂ ಗಡಿಯಾರವಿಲ್ಲ, ಗುರುತಿದೆ. ನಮ್ಮ ಅಜ್ಜಿಯರು ಗಡಿಯಾರವಿಲ್ಲದೆ ಕೆಲಸ ಮಾಡಿದ್ದು ಈ ಗುರುತುಗಳ ಬಲದಿಂದಲೇ. ಎಲ್ಲಿ ಅಳತೆ ಬೇಕು, ಎಲ್ಲಿ ಗುರುತು ಸಾಕು ಎಂದು ವಿಂಗಡಿಸುವುದು ಮೇಲಿನ ಗುಂಪಿನ ಮಕ್ಕಳಿಗೆ ಒಳ್ಳೆಯ ಅಭ್ಯಾಸ.

ಗಣಿತಕ್ಕೆ ಶಾಲೆಯ ಬಿಸಿಯೂಟವೇ ಇದೆ. ಪ್ರಾಥಮಿಕ ತರಗತಿಯ ಒಂದು ಮಗುವಿಗೆ ದಿನಕ್ಕೆ ೧೦೦ ಗ್ರಾಂ ಧಾನ್ಯ, ೨೦ ಗ್ರಾಂ ಬೇಳೆ, ೫೦ ಗ್ರಾಂ ತರಕಾರಿ ಎಂಬುದು ಯೋಜನೆಯ ಲೆಕ್ಕ. ಇಂದು ಹಾಜರಾತಿ ನಲವತ್ತಾದರೆ ಎಷ್ಟು ಅಕ್ಕಿ, ಎಷ್ಟು ಬೇಳೆ? ನಾಲ್ಕು ಕಿಲೋ ಅಕ್ಕಿ, ೮೦೦ ಗ್ರಾಂ ಬೇಳೆ, ಎರಡು ಕಿಲೋ ತರಕಾರಿ. ಅಡುಗೆ ಸಿಬ್ಬಂದಿಯ ಅಕ್ಕನವರನ್ನು ಒಂದು ದಿನ ತರಗತಿಗೆ ಕರೆಯಿರಿ. ಮಕ್ಕಳು ಪ್ರಶ್ನೆ ಕೇಳಲಿ, ಅಕ್ಕ ಹೇಳಲಿ, ಮಕ್ಕಳು ಬರೆದು ಮತ್ತೆ ಅವರಿಗೇ ಓದಿ ತೋರಿಸಲಿ. ‘ಒಗ್ಗರಣೆ ಬಿಟ್ಟೆಯಲ್ಲೋ ಮಗಾ’ ಎಂದು ಅವರು ತಿದ್ದಿದರೆ ಅದಕ್ಕಿಂತ ಒಳ್ಳೆಯ ಮೌಲ್ಯಮಾಪನ ಇನ್ನೊಂದಿಲ್ಲ.

ಮೌಲ್ಯಮಾಪನದ ಮಾತು ಬಂದದ್ದರಿಂದ ಇನ್ನೊಂದು ನಿಜ ಸಂಗತಿ ಹೇಳುತ್ತೇನೆ. ೧೯೮೦ರಿಂದ ೧೯೯೦ರವರೆಗೆ ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸಂಸ್ಥೆಯ ಕಾರ್ಯಕರ್ತೆಯರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿ, ಅರ್ಧ ಸೇರು ನೀರು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಸೇರಿಸಿ ಭೇದಿಗೆ ಜೀವಜಲ ಮಾಡುವುದನ್ನು ತಾಯಂದಿರಿಗೆ ಕಲಿಸಿದರು. ಆ ತಾಯಂದಿರಲ್ಲಿ ಬಹಳ ಮಂದಿಗೆ ಓದು ಬರುತ್ತಿರಲಿಲ್ಲ. ಕಾರ್ಯಕರ್ತೆಗೆ ಸಂಬಳ ಕೊಡುತ್ತಿದ್ದುದು ಎಷ್ಟು ಮನೆಗೆ ಹೋದಳು ಎಂದು ನೋಡಿಯಲ್ಲ. ಕೆಲವು ವಾರ ಬಿಟ್ಟು ಬೇರೊಬ್ಬರು ಹೋಗಿ, ಆಯ್ದ ಕೆಲವು ತಾಯಂದಿರನ್ನು ಕೇಳಿ, ಅವರಿಗೆ ಎಷ್ಟು ನೆನಪಿದೆ ಎಂದು ನೋಡಿ ಅದರಂತೆ ಕೊಡುತ್ತಿದ್ದರು. ಸೂಚನೆಯ ಬೆಲೆಯನ್ನು ನಿರ್ಧರಿಸಿದ್ದು ಅದನ್ನು ಹೇಳಿದವಳ ಮಾತಲ್ಲ, ಕೇಳಿದವಳ ಕೈ. ನಮ್ಮ ತರಗತಿಯಲ್ಲಿಯೂ ಅದೇ ನ್ಯಾಯ ನಡೆಯಲಿ. ಒಂದು ಗುಂಪು ಬರೆದದ್ದನ್ನು ಇನ್ನೊಂದು ಗುಂಪು ಮಾಡಿ ನೋಡಲಿ. ಬೇಕಾದುದೆಲ್ಲ ಪಟ್ಟಿಯಲ್ಲಿದೆಯೇ? ಕ್ರಮ ಸರಿಯಿದೆಯೇ? ತಿಳಿಯದವರು ಓದಿ ಮಾಡಬಲ್ಲರೇ? ಮೊದಲು ಈ ಮೂರು ಪ್ರಶ್ನೆ, ಆಮೇಲೆ ಕಾಗುಣಿತ. ಕಾಗುಣಿತವನ್ನು ಬಿಡಿ ಎಂದು ಹೇಳುತ್ತಿಲ್ಲ. ಎರಡನೆಯ ಸುತ್ತಿನಲ್ಲಿ ಅದನ್ನು ತಿದ್ದಿದರೆ ಮಗು ಅದನ್ನೂ ಓದುವವರ ಅನುಕೂಲಕ್ಕಾಗಿ ಎಂದು ತಿಳಿಯುತ್ತದೆ, ಶಿಕ್ಷೆ ಎಂದಲ್ಲ.

ಕೆಲವು ವಿಷಯಗಳಲ್ಲಿ ನಾಜೂಕು ಬೇಕು. ಚಾಕು, ಒಲೆ, ಕುದಿಯುವ ನೀರು ದೊಡ್ಡವರ ಕೈಯಲ್ಲೇ ಇರಲಿ. ‘ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಏನು ಅಡುಗೆ?’ ಎಂದು ಸಾಲಾಗಿ ಎಲ್ಲರನ್ನೂ ಎಬ್ಬಿಸಿ ಕೇಳಬೇಡಿ. ನಿನ್ನೆ ರಾತ್ರಿ ಒಲೆಯೇ ಹೊತ್ತದ ಮನೆಯ ಮಗುವೂ ಅಲ್ಲಿ ಕುಳಿತಿರಬಹುದು. ಒಂದು ಮನೆಯ ಊಟ ಇನ್ನೊಂದು ಮನೆಯಲ್ಲಿ ಇರುವುದಿಲ್ಲ. ಯಾವ ಮಗುವಿನ ಅನ್ನದ ಬಗ್ಗೆಯೂ ತರಗತಿಯಲ್ಲಿ ನಗೆಯಾಗಲಿ, ಮೂಗು ಮುರಿಯುವುದಾಗಲಿ ಆಗಬಾರದು. ಆದ್ದರಿಂದಲೇ ಎಲ್ಲರಿಗೂ ಸಮಾನವಾದ ಪಾನಕ, ಕೋಸಂಬರಿ, ಬಿಸಿಯೂಟದಿಂದ ಆರಂಭಿಸಿ ಎಂದು ನಾನು ಹೇಳಿದ್ದು. ವಿಶ್ವಾಸ ಬೆಳೆದ ಮೇಲೆ ಮಕ್ಕಳು ತಾವಾಗಿಯೇ ಜೋಳದ ರೊಟ್ಟಿ, ನೀರುದೋಸೆ, ಕಡಂಬುಟ್ಟು ಎಂದು ತಮ್ಮ ಮನೆಯದನ್ನು ತರುತ್ತಾರೆ. ಇದು ಹೆಣ್ಣುಮಕ್ಕಳ ಪಾಠ ಎಂಬ ಭಾವನೆಯೂ ಬೇಡ. ಗಂಡುಮಕ್ಕಳೂ ಜರಡಿ ಹಿಡಿಯಲಿ, ಲೋಟ ತೊಳೆಯಲಿ.

ಅಡುಗೆಯಲ್ಲಿ ಪಳಗಿದ ಈ ಬರವಣಿಗೆಯನ್ನು ಮುಂದೆ ಗಾಳಿಪಟ ಕಟ್ಟುವುದಕ್ಕೆ, ರಂಗೋಲಿ ಎಳೆಯುವುದಕ್ಕೆ, ಸಸಿ ನೆಡುವುದಕ್ಕೆ, ಕೊನೆಗೆ ವಿಜ್ಞಾನದ ಪ್ರಯೋಗಕ್ಕೆ ಒಯ್ಯಬಹುದು. ವರ್ಷದ ಕೊನೆಯಲ್ಲಿ ಪ್ರತಿ ಮಗುವೂ ಒಂದು ಓ.ಆರ್.ಎಸ್. ಪೊಟ್ಟಣದ ಸೂಚನೆಯನ್ನು ತಾನೇ ಓದಿ, ಎಷ್ಟು ನೀರು ಎಂಬುದನ್ನು ಹುಡುಕಿ, ಓದು ಬಾರದ ಮನೆಯ ಹಿರಿಯರಿಗೆ ಸರಿಯಾಗಿ ಹೇಳಬಲ್ಲದಾದರೆ ನಿಮ್ಮ ಶ್ರಮ ಸಾರ್ಥಕ. ಅಂಥ ಮಗುವಿರುವ ಮನೆಯಲ್ಲಿ ಅಪರಾತ್ರಿ ಯಾರಿಗಾದರೂ ಭೇದಿಯಾದಾಗ ‘ರುಚಿಗೆ ತಕ್ಕಷ್ಟು’ ಉಪ್ಪು ಹಾಕುವ ಕೈಯನ್ನು ತಡೆಯಲು ಒಬ್ಬರಾದರೂ ಇರುತ್ತಾರೆ.

ನಾಳೆ ಶಾಲೆಗೆ ಹೋಗುವಾಗ ಎರಡು ನಿಂಬೆಹಣ್ಣು ತೆಗೆದುಕೊಂಡು ಹೋಗಿ.